ಬ್ರೇಕ್ ಪೆಡಲ್ ಮತ್ತು ಹನ್ನೊಂದು ದಿನಗಳ ಮೌನ

ಗದಗಿನ ನನ್ನ ಪರಿಚಯದ ಮಾಸ್ತರರೊಬ್ಬರ ಮನೆಯ ಸಂಗತಿ ಇದು... "ನಾಲ್ಕು ಮಂದಿಗೆ ಗೊತ್ತಾಗಲಿ, ಬರೀರಿ" ಅಂತ ಅವರೇ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ.

ವಿರೂಪಾಕ್ಷಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರ ಮನೆಯಲ್ಲಿ ಐವತ್ತು ವರ್ಷ ಹಳೆಯದೊಂದು ಕಾರಿದೆ.

ಕಾರು ಮಾಸ್ತರರದ್ದು. ಓಡಿಸುವವರು ಮಾತ್ರ ಅವರ ಹೆಂಡತಿ ಕಸ್ತೂರಕ್ಕ... ಇಪ್ಪತ್ತಾರು ವರ್ಷದಿಂದ!

ಓಣಿಯ ಎಷ್ಟೋ ಬಸುರಿಯರನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಿದವರು ಅವರೇ.

ಈಚೆಗೆ ಕಸ್ತೂರಕ್ಕನಿಗೆ ಮೊಣಕಾಲು ನೋವು. ಹಳೇ ಕಾರಿನ ಪೆಡಲ್‌ಗಳು ಬಹಳ ಬಿಗಿ. ತುಳಿದಾಗಲೆಲ್ಲ ನೋವಿಗೆ ಹಲ್ಲು ಕಚ್ಚುತ್ತಿದ್ದರು.

ಮಾಸ್ತರರಿಗೆ ಅದನ್ನು ನೋಡಲಾಗಲಿಲ್ಲ. ಹಗುರಾಗಿ ತುಳಿಯಲು ಬರುವ ಹೊಸ ಪೆಡಲ್ ಸೆಟ್ ತರಿಸಿದರು. ಮೊಬೈಲ್‌ನಲ್ಲಿ ವಿಡಿಯೋ ನೋಡಿಕೊಂಡು ಮನೆಯಲ್ಲೇ ಜೋಡಿಸಲು ಕುಳಿತರು.

ಗ್ಯಾರೇಜಿನ ದಸ್ತಗೀರ್ ಒಂದು ದಿನ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಹೇಳಿದ...

"ಮಾಸ್ತರ, ಇದು ಬ್ರೇಕಿನ ಕೆಲಸ ಐತಿ. ಮುಗಿದ ಮ್ಯಾಲೆ ಒಮ್ಮೆ ನನಗ ತೋರಿಸಿ ಗಾಡಿ ಹೊರಗ ತಗೀರಿ."

"ಯಾಕಪಾ, ನನ್ನ ಕೈಯಾಗ ಆಗೂದಿಲ್ಲೇನು?" ಮಾಸ್ತರರಿಗೆ ಆ ಮಾತು ಚುಚ್ಚಿತ್ತು.

ಮೂರು ವಾರ ಸ್ಟೇರಿಂಗಿನ ಕೆಳಗೆ ತಲೆ, ಅಂಗಳದಲ್ಲಿ ಕಾಲು... ಕೊನೆಗೂ ಕೆಲಸ ಮುಗಿಯಿತು. ಕಸ್ತೂರಕ್ಕ ಪೆಡಲ್ ತುಳಿದು ನೋಡಿ ಮಗುವಿನಂತೆ ನಕ್ಕರು. ಮಾಸ್ತರರು ಫೋಟೋ ತೆಗೆದು ಎಲ್ಲ ಗ್ರೂಪಿಗೂ ಕಳಿಸಿದರು.

ದಸ್ತಗೀರನಿಗೆ ಮಾತ್ರ ತೋರಿಸಲಿಲ್ಲ.

ಮರುದಿನ ಬೆಳಿಗ್ಗೆ ಕಸ್ತೂರಕ್ಕ ಒಬ್ಬರೇ ಕಾರು ತೆಗೆದುಕೊಂಡು ತಂಗಿಯ ಮನೆಗೆ ಹೊರಟರು.

ಇತ್ತ ಮಾಸ್ತರರು ಪಾನಾ, ಸ್ಕ್ರೂ ಡ್ರೈವರ್‌ಗಳನ್ನು ಎತ್ತಿಡುತ್ತಿದ್ದಾಗ ಕೆಲಸಕ್ಕೆಂದು ಹಾಸಿದ್ದ ಚಾಪೆಯ ಮಡಿಕೆಯಲ್ಲಿ ಪೆಡಲ್ ಸೆಟ್ಟಿನ ಜೊತೆ ಬಂದಿದ್ದ ಒಂದು ಸಣ್ಣ ಕವರ್ ಸಿಕ್ಕಿತು... ಒಡೆದೇ ಇರಲಿಲ್ಲ.

ಒಳಗೆ ಬೆರಳುದ್ದದ ತಂತಿಯಂಥ ಸ್ಪ್ಲಿಟ್ ಪಿನ್. ಬ್ರೇಕ್ ಪೆಡಲ್ ತನ್ನ ರಾಡಿನಿಂದ ಕಳಚಿಕೊಳ್ಳದಂತೆ ಹಿಡಿದಿಡುವ ಪಿನ್ ಅದು!

ಮಾಸ್ತರರು ಹೆಂಡತಿಗೆ ತಿಳಿಸಲೆಂದು ಫೋನ್ ಕೈಗೆತ್ತಿಕೊಂಡರು... ಮತ್ತೆ ಕೆಳಗಿಟ್ಟರು.

'ಏನಂತ ಹೇಳೂದು? ದಸ್ತಗೀರ ನಗ್ತಾನ. ಒಂದು ದಿನಕ್ಕ ಏನೂ ಆಗೂದಿಲ್ಲ' ಅಂತ ತಮಗೆ ತಾವೇ ಹೇಳಿಕೊಂಡರು.

ಹೀಗೆ ಇಪ್ಪತ್ತು ನಿಮಿಷ ಕಳೆಯಿತು. ತಡೆಯಲಾರದೆ ಫೋನ್ ಮಾಡಿದಾಗ ಎತ್ತಿದ್ದು ಯಾರೋ ಅಪರಿಚಿತರು.

"ಸರ್, ಗಾಡಿ ಗ್ವಾಡಿಗಿ ಬಡದೈತ್ರಿ... ಲಗೂನ ಬರ್ರಿ."

ಕೆರೆಯ ಹತ್ತಿರದ ಇಳಿಜಾರಿನಲ್ಲಿ ಬ್ರೇಕ್ ಹಿಡಿದಿರಲಿಲ್ಲ. ಎದುರಿಗೆ ಶಾಲೆಗೆ ಹೊರಟ ಮಕ್ಕಳು. ಕಸ್ತೂರಕ್ಕ ಹ್ಯಾಂಡ್ ಬ್ರೇಕ್ ಎಳೆದು ಕಾರನ್ನು ಪಕ್ಕದ ಗೋಡೆಗೆ ತಿರುಗಿಸಿದ್ದರು.

ಬೇರೆ ಯಾರಿಗೂ ಏನೂ ಆಗಲಿಲ್ಲ. ಅವರ ಬಲಗೈ ಮೂಳೆ ಮುರಿದಿತ್ತು.

ಆಸ್ಪತ್ರೆಗೆ ಬಂದ ಕಸ್ತೂರಕ್ಕನ ತಮ್ಮ ಗದರಿದ... "ಈ ವಯಸ್ಸಿನ್ಯಾಗ ನಿನಗ ಗಾಡಿ ಯಾಕ ಬೇಕಕ್ಕಾ? ಬ್ರೇಕ್ ಅಂತ ಆಕ್ಸಿಲರೇಟರ್ ತುಳದಿರಬೇಕು."

ಬಂದವರೆಲ್ಲ ಅದನ್ನೇ ಹೇಳಿದರು. ಮಂಚದ ಪಕ್ಕದಲ್ಲೇ ನಿಂತಿದ್ದ ಮಾಸ್ತರರು ಬಾಯಿ ಬಿಡಲಿಲ್ಲ.

ಎರಡನೇ ದಿನ ದಸ್ತಗೀರ್ ಮಾಸ್ತರರನ್ನು ಮರೆಗೆ ಕರೆದ. ಜಖಂ ಆದ ಕಾರು ಅವನ ಗ್ಯಾರೇಜಿನಲ್ಲೇ ಇತ್ತು.

"ಪಿನ್ ಇರಲಿಲ್ಲ ಮಾಸ್ತರ... ನಾ ಯಾರಿಗೂ ಹೇಳಿಲ್ಲ. ಅದನ್ನ ನೀವ ಹೇಳಬೇಕು."

ಆದರೂ ಮಾಸ್ತರರು ಹೇಳಲಿಲ್ಲ. ಇವತ್ತು ಬೇಡ, ನಾಳೆ... ಕೈ ಸ್ವಲ್ಪ ವಾಸಿಯಾಗಲಿ... ಹೀಗೇ ಹತ್ತು ದಿನ ಕಳೆದವು.

ಹನ್ನೊಂದನೇ ದಿನ ಪಕ್ಕದ ಮನೆಯ ಫಕೀರಮ್ಮ ಬಂದರು. "ಕಸ್ತೂರಕ್ಕಾ, ಸೊಸಿಗೆ ಒಂಬತ್ತು ತುಂಬೂದ್ರಾಗ ನಿನ್ನ ಕೈ ನೆಟ್ಟಗಾಗ್ತೈತಿಲ್ಲ? ನೀನ ಕರಕೊಂಡು ಹೋಗಬೇಕವಾ."

ಕಸ್ತೂರಕ್ಕ ತಲೆ ತಗ್ಗಿಸಿದರು...

"ಬ್ಯಾಡವಾ... ಇನ್ನ ಯಾರ ಜೀವಾನೂ ನನ್ನ ಕೈಯಾಗ ಕೊಡಬ್ಯಾಡ. ನನ್ನ ಕಾಲು ಏನು ತುಳೀತೈತಿ ಅನ್ನೂದ ನನಗ ತಿಳೀವಲ್ದು."

ಆಮೇಲೆ ಗಂಡನ ಕಡೆ ತಿರುಗಿದರು. "ನನ್ನ ಸಲುವಾಗಿ ಮೂರು ವಾರ ಕಷ್ಟಪಟ್ರಿ. ಒಂದ ದಿನದಾಗ ಎಲ್ಲಾ ಹಾಳ ಮಾಡಿದೆ... ನನ್ನ ತಪ್ಪಾತ್ರಿ."

ಮಾಸ್ತರರು ಅಲ್ಲೇ ಗಳಗಳನೆ ಅತ್ತರು.

"ತಪ್ಪು ನಿಂದಲ್ಲ ಕಸ್ತೂರಿ... ಪಿನ್ ಹಾಕೂದ ಮರತಿದ್ದೆ. ನೀ ಹೋದ ಮ್ಯಾಲೆ ಗೊತ್ತಾತು... ಗೊತ್ತಾದ ಮ್ಯಾಲೂ ಇಪ್ಪತ್ತು ನಿಮಿಷ ಫೋನ್ ಮಾಡಲಿಲ್ಲ."

ಫಕೀರಮ್ಮ ಸೆರಗು ಬಾಯಿಗೆ ಹಿಡಿದು ನಿಂತುಬಿಟ್ಟರು.

ಕಸ್ತೂರಕ್ಕ ಮೆಲ್ಲಗೆ ಹೇಳಿದರು...

"ಪಿನ್ ಮರೆತದ್ದು ಇರಲಿ, ಯಾರರ ಮರೀತಾರ... ಆದರ ಹನ್ನೊಂದು ದಿನ ನಾ ನನ್ನನ್ನ ಬೈಕೋತ ಕುಂತಿದ್ದೆ. ನೀವು ಅದನ್ನ ನೋಡಕೋತ ಕುಂತಿದ್ರಿ."



ಅದೇ ಸಂಜೆ ಮಾಸ್ತರರು ಹೆಂಡತಿಯ ತಮ್ಮನಿಗೆ, ಆಸ್ಪತ್ರೆಗೆ ಬಂದು ಹೋದ ಒಬ್ಬೊಬ್ಬರಿಗೂ ಫೋನ್ ಮಾಡಿ ನಿಜ ಹೇಳಿದರು. ಕೆಲವರು ಬೈದರು. ಕೆಲವರು ಮಾತು ಬಿಟ್ಟರು. ಕಾರಿನ ಕೆಲಸವನ್ನೆಲ್ಲ ದಸ್ತಗೀರನಿಗೇ ಒಪ್ಪಿಸಿದರು.

ಮೂರು ತಿಂಗಳ ನಂತರ ಕಸ್ತೂರಕ್ಕ ಮತ್ತೆ ಸ್ಟೇರಿಂಗ್ ಹಿಡಿದರು.

ಆದರೆ ಈಗ ಗಾಡಿ ಚಾಲೂ ಮಾಡುವ ಮೊದಲು ಮೂರು ಸಲ ಬ್ರೇಕ್ ತುಳಿದು ನೋಡುತ್ತಾರೆ. ಪಕ್ಕದ ಸೀಟಿನಲ್ಲಿ ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕುಳಿತಿರುತ್ತಾರೆ...

*ನಾವು ಒಪ್ಪಿಕೊಳ್ಳದ ತಪ್ಪನ್ನು ನಮ್ಮವರೇ ಯಾರೋ ತಮ್ಮದೆಂದು ಹೊತ್ತುಕೊಂಡು ತಿರುಗುತ್ತಿರುತ್ತಾರೆ.*

ನಿಮ್ಮ ಮನೆಯಲ್ಲೂ ಹಾಗೆ ಯಾರಾದರೂ ಇದ್ದಾರೆಯೇ...? ಅವರಿಗೆ ನಿಜ ಹೇಳಲು ನೀವು ಇನ್ನೆಷ್ಟು ದಿನ ತೆಗೆದುಕೊಳ್ಳುತ್ತೀರಿ?