ಮೂರನೆಯ ಕೀ

ಬೀಗದವನು ಮತ್ತೆ ಬಂದಿದ್ದ. ಬಾಗಿಲ ಕಿಂಡಿಯ ಗಾಜಿನಲ್ಲಿ ಅವನ ಮುಖ ಉಬ್ಬಿಕೊಂಡು ಕಾಣುತ್ತಿತ್ತು. ಭುಜಕ್ಕೆ ಅದೇ ಚೀಲ, ಕಿವಿಯ ಮೇಲೆ ಅದೇ ಪೆನ್ಸಿಲ್ ತುಂಡು. ಅವಳು ಕರೆಸಿರಲಿಲ್ಲ.

"ನಾನೇ ತಂಗಿ, ಬೀಗದವನು," ಅಂದ. ಅವನೇ ಎಂದು ಗೊತ್ತಿದ್ದುದರಿಂದಲೇ ಅವಳಿಗೆ ಹೆದರಿಕೆ.

ಬೇಸಿಗೆಯಲ್ಲಿ ಒಮ್ಮೆ ಬೀಗ ಕೆಟ್ಟು ಹೊರಗೇ ಉಳಿದಾಗ ಅವಳೇ ಅವನನ್ನು ಕರೆಸಿದ್ದಳು. ಹೊಸ ಬೀಗ ಕೂರಿಸಿ, ಹೆಸರು ಕೇಳಿ ಬಿಲ್ಲು ಬರೆದು, ಎರಡು ಕೀಗಳಿಗೆ ತನ್ನ ಅಂಗಡಿಯ ಫೋನ್ ನಂಬರಿದ್ದ ತಗಡಿನ ಬಿಲ್ಲೆ ಪೋಣಿಸಿ ಕೊಟ್ಟಿದ್ದ. ಆಗ ಮೇಡಂ ಅನ್ನುತ್ತಿದ್ದ. ಈಗ ತಂಗಿ. ಸಲಿಗೆ ಶುರುವಾಗುವುದೇ ಹೀಗೆ. ಎರಡು ಕೀ ಕೊಟ್ಟವನು ಮೂರನೆಯದನ್ನು ತನಗೆಂದು ಇಟ್ಟುಕೊಂಡಿಲ್ಲ ಎಂದು ಹೇಗೆ ನಂಬುವುದು?

ಮೊನ್ನೆ ಬಂದಾಗ ನೀರು ಕೇಳಿದ್ದ. ಮೆಟ್ಟಿಲ ಮೇಲೆ ಕೂತು, ಗುಟುಕು ಗುಟುಕಾಗಿ ಕುಡಿದಿದ್ದ. ಒಂದು ಲೋಟ ನೀರಿಗೆ ಅಷ್ಟು ಹೊತ್ತು ತೆಗೆದುಕೊಳ್ಳುವವರನ್ನು ಅವಳು ಕಂಡಿರಲಿಲ್ಲ.

ಇವತ್ತು ಸರಪಳಿ ಬಿಡಿಸದೆ ಬಾಗಿಲನ್ನು ಸಂದಿಯಷ್ಟೇ ತೆರೆದಳು. ಬೀಗಕ್ಕೆ ಎಣ್ಣೆ ಬಿಡಬೇಕಿತ್ತು ಅಂದ. ತಾನು ಹೇಳಿರಲಿಲ್ಲವಲ್ಲ ಅಂದಳು. ಹೇಳಿರಲಿಲ್ಲ ಎಂದು ಒಪ್ಪಿಕೊಂಡು, ಎಣ್ಣೆ ಬಿಟ್ಟ. ಅವನ ಕಣ್ಣು ಅವಳನ್ನು ದಾಟಿ ಒಳಗೆ ಹೋಯಿತು.

"ಒಬ್ರೇ ಇರೋದಾ?"

ಅವಳು ಬಾಗಿಲನ್ನು ಇನ್ನಷ್ಟು ಒತ್ತಿ ಹಿಡಿದಳು.

"ಊಟ ಆಯ್ತಾ ತಂಗಿ?"

ಎಷ್ಟು ಕೊಡಬೇಕೆಂದು ಅವಳು ಕೇಳಿದಳು. ಅವನು ದುಡ್ಡು ಬೇಡವೆಂದು ಇಳಿದುಹೋದ. ದುಡ್ಡು ಬೇಡ ಎನ್ನುವ ಕೆಲಸದವನಿಗೆ ಬೇರೇನೋ ಬೇಕಾಗಿರುತ್ತದೆ ಎಂದು ಅವಳಿಗೆ ಅನ್ನಿಸಿತು.

ಅವಳನ್ನು ದಿನವೂ ವಿಚಾರಿಸುತ್ತಿದ್ದುದು ಫೋನು ಮಾತ್ರ. ಸಾಯುವ ಯೋಚನೆ ಬೆನ್ನು ಬಿಡುತ್ತಿಲ್ಲ ಎಂದು ಡಾಕ್ಟರ ಮುಂದೆ ಬಾಯಿಬಿಟ್ಟ ದಿನ, ಅವರು ತಾಳ್ಮೆಯಿಂದ ಕೇಳಿ, ಮತ್ತೆ ಬರಲು ದಿನ ಕೊಟ್ಟು, ಫೋನಿಗೊಂದು ಆ್ಯಪ್ ಹಾಕಿಸಿದ್ದರು. ಹೊರಗಿನ ಬೆಂಚಿನಲ್ಲಿ ಕೂತು, ಕೀಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ, ಅದು ಕೇಳಿದ್ದಕ್ಕೆಲ್ಲ ಉತ್ತರ ತುಂಬಿದ್ದಳು. ಯಾವುದನ್ನೂ ಖಾಲಿ ಬಿಡಲು ಅದು ಒಪ್ಪುತ್ತಿರಲಿಲ್ಲ. ಕೊನೆಗೆ ಸಣ್ಣಕ್ಷರದ ಪುಟವೊಂದು ಬಂತು. ಓದದೆ ಒಪ್ಪಿಗೆ ಒತ್ತಿದಳು. ಮಿಕ್ಸರು, ಇಸ್ತ್ರಿಪೆಟ್ಟಿಗೆಗಳ ಜೊತೆ ಬರುವ ಕೈಪಿಡಿಗಳ ಕರಡು ತಿದ್ದುವುದು ಅವಳ ಕೆಲಸ. ಯಾರೂ ಓದದ ಸಣ್ಣಕ್ಷರವನ್ನು ಹೊಟ್ಟೆಪಾಡಿಗೆ ಓದುವವಳಿಗೆ ಆವತ್ತು ಅದೊಂದು ಪುಟ ಬೇಡವಾಗಿತ್ತು.

ಬದುಕು ಸಾಕೆನ್ನುವ ಯೋಚನೆ ಇವತ್ತು ಎಷ್ಟಿದೆ ಎಂದು ಅದು ಬೆಳಿಗ್ಗೆ ಕೇಳುತ್ತಿತ್ತು. ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ಆಮೇಲೆ ಉಸಿರಾಟದ ಅಭ್ಯಾಸ. ಯೋಚನೆ ಜೋರಾದರೆ ಏನು ಮಾಡಬೇಕೆಂದು ಅವಳೇ ಬರೆದುಕೊಂಡದ್ದನ್ನೂ ನೆನಪಿಸುತ್ತಿತ್ತು: ಕಿಟಕಿ ತೆರೆ, ಮುಖ ತೊಳೆ, ಯಾರನ್ನಾದರೂ ಮಾತಾಡಿಸು. ಗಾಬರಿಯಾದಾಳೆಂದು ಅಮ್ಮನಿಗೆ ‘ಚೆನ್ನಾಗಿದ್ದೀನಿ’ ಎಂದೇ ಹೇಳುತ್ತ ಬಂದವಳು ಆ್ಯಪಿಗೆ ಸುಳ್ಳು ಹೇಳುತ್ತಿರಲಿಲ್ಲ. ಎರಡು, ಮೂರು ಒತ್ತುವ ದಿನಗಳೂ ಇದ್ದವು. ಆಗ ಮನೆ ಸದ್ದಿಲ್ಲದೆ ಇರುತ್ತಿತ್ತು. ಅವನು ನೀರು ಕೇಳಿ ಬಂದ ದಿನ ಎಂಟು. ಎಣ್ಣೆ ಹಿಡಿದು ಬಂದ ದಿನವೂ ಎಂಟು. ಇದ್ದ ಕಷ್ಟ ಸಾಲದೆಂದು ಇವನೊಬ್ಬ.

ಕೆಳಗಿನ ವಾಚ್‌ಮನ್‌ಗೆ ವಿಷಯ ಹೇಳಿದಳು.

"ಬೀಗದವನು ಒಳಗೆ ಬರ್ಬೇಕು ಅಂದ್ರೆ ಬಾಗಿಲು ತಟ್ಟಿ ಯಾಕಮ್ಮ ಕಾಯ್ತಾನೆ?" ಎಂದು ನಕ್ಕ ಅವನು, ಅವಳ ಮುಖ ನೋಡಿ ನಗು ನುಂಗಿಕೊಂಡ. ಇನ್ನೊಮ್ಮೆ ಬಂದರೆ ಹಿಡಿದು ಕೂರಿಸುತ್ತೇನೆ, ಪೊಲೀಸರನ್ನು ನೀವೇ ಕರೆಯಿರಿ ಎಂದ.

ಸೋಮವಾರ ಬೆಳಿಗ್ಗೆ ಅವಳು ಒಂಬತ್ತು ಒತ್ತಿದಳು. ಡಾಕ್ಟರಿಗೆ ಕರೆ ಮಾಡುತ್ತೀರಾ ಎಂದು ಫೋನು ಕೇಳಿತು. ಅದನ್ನು ಮಗುಚಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಕಿಟಕಿ ತೆರೆಯಲಿಲ್ಲ. ಮುಖ ತೊಳೆಯಲಿಲ್ಲ. ಇವತ್ತು ಯಾರೂ ಬರದಿದ್ದರೆ ಸಾಕು ಎಂದುಕೊಂಡಳು. ಬರಲು ಯಾರೂ ಇರಲಿಲ್ಲ.

ಬಾಗಿಲು ಬಡಿಯುವ ಸದ್ದು ಕೇಳಿತು. ನಿಂತಿತು. ಮತ್ತೆ ಕೇಳಿತು.

"ತಂಗಿ?"

ಬೇಡವಾದ ಜೀವವನ್ನು ಕಾಯುವುದಕ್ಕೂ ಕಾಲು ತಾನಾಗಿ ಎದ್ದು ಓಡಿತು, ಕೈ ತಾನಾಗಿ ಸರಪಳಿ ಹಾಕಿತು. ಕಿಟಕಿ ತೆರೆದು ವಾಚ್‌ಮನ್‌ನನ್ನು ಕೂಗಿದಳು. ಎಷ್ಟೋ ದಿನದಿಂದ ಅಷ್ಟು ಜೋರಾಗಿ ಅವಳು ಏನನ್ನೂ ಹೇಳಿರಲಿಲ್ಲ.

ವಾಚ್‌ಮನ್ ಏದುಸಿರು ಬಿಡುತ್ತ ಹತ್ತಿ ಬಂದು ತೋಳು ಹಿಡಿದರೂ ಬೀಗದವನು ಕೊಸರಾಡಲಿಲ್ಲ. ಕೀಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವಳು ಹೊರಬಂದಳು.

"ಮೂರನೇ ಕೀ ಕೊಡಿ."

"ಮೂರನೇದು ಮಾಡ್ಲೇ ಇಲ್ಲ ತಂಗಿ."

"ಮತ್ತೆ ಯಾಕೆ ಬರ್ತೀರಿ?"

ಅವನು ವಾಚ್‌ಮನ್ ಕಡೆ ನೋಡಿ ದನಿ ತಗ್ಗಿಸಿದ. "ಅದನ್ನ ಇವರೆದುರಿಗೆ ಬೇಡ."

"ಇಲ್ಲೇ ಹೇಳಿ."

ಅವನು ಜೇಬಿನಿಂದ ತನ್ನ ಫೋನು ತೆಗೆದು, ವಾಚ್‌ಮನ್‌ಗೆ ಕಾಣದಂತೆ ಅಂಗೈ ಮರೆ ಮಾಡಿ ಅವಳತ್ತ ಹಿಡಿದ. ಪರದೆಯ ಮೇಲೆ ಅವಳ ಹೆಸರಿತ್ತು. ಕೆಳಗೆ ಸಣ್ಣಕ್ಷರ: ‘ಇವರು ತಮ್ಮ ನಂಬಿಕೆಯ ವ್ಯಕ್ತಿ ಎಂದು ನಿಮ್ಮ ನಂಬರು ಕೊಟ್ಟಿದ್ದಾರೆ. ಸಂಬಂಧ: ಅಣ್ಣ. ಇವತ್ತು ಇವರಿಗೆ ತುಂಬ ಕಷ್ಟದ ದಿನ. ದಯವಿಟ್ಟು ಹೋಗಿ, ಸ್ವಲ್ಪ ಹೊತ್ತು ಜೊತೆಗಿರಿ.’

ಮುಷ್ಟಿಯೊಳಗೆ ಅವನ ನಂಬರಿನ ತಗಡಿನ ಬಿಲ್ಲೆ ಒತ್ತುತ್ತಿತ್ತು.

"ನಂಗೆ ತಂಗಿನೇ ಇಲ್ಲ, ತಪ್ಪು ನಂಬರು ಅಂತ ಬರೆದು ಕಳಿಸೋಣ ಅನ್ಕೊಂಡೆ," ಎಂದ ಬೀಗದವನು. "ಯಾಕೋ ಆಗ್ಲಿಲ್ಲ. ಬಂದು ಬಾಗಿಲು ತಟ್ಟೋದೇ ಸುಲಭ ಅನ್ನಿಸ್ತು."