ಬಣ್ಣ ಬಿಡುವ ಸೀರೆ

ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಬಂದರೆ ನನಗೆ ಇಂದಿಗೂ, ಅಪ್ಪನ ನೌಕರಿಗೆಂದು ನಾವು ಹೋಗಿ ನೆಲೆಸಿದ್ದ ದೇವಳಾಲಿ ಕ್ಯಾಂಪಿನ ರಹೀಮ ಚಾಚಾರ ಅಂಗಡಿ ನೆನಪಾಗುತ್ತದೆ.

ಚಿಕ್ಕಮ್ಮನ ಮದುವೆಗೆಂದು ಅವ್ವ ಅಲ್ಲಿ ಕೆಂಪು ಸೀರೆಯೊಂದನ್ನು ಮೆಚ್ಚಿ, ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಳು. ನಮ್ಮ ಬೀದರದವರೇ ಆದ ಚಾಚಾ ಮೆಲ್ಲಗೆ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಬ್ಯಾಡ್ರಿ ಅಕ್ಕಾರ, ಇದು ಬಣ್ಣ ಬಿಡ್ತದ."

"ಮತ್ತ ಅಂಗಡ್ಯಾಗ ಯಾಕ ಇಟ್ಟೀರಿ?"

"ಹೇಳಿ ಮಾರಲಿಕ್ಕ ಇಟ್ಟೀನ್ರಿ. ಐಬು ಮುಚ್ಚಿ ಮಾರಿದ್ರ ವ್ಯಾಪಾರದಾಗ ಬರಕತ್ತ ಇರೂದಿಲ್ಲ. ಮ್ಯಾಲೆ ಅಲ್ಲಾ ನೋಡ್ತಿರ್ತಾನ."

ಚೌಕಾಸಿಗೆ ಸಜ್ಜಾಗಿ ಬಂದಿದ್ದ ಅವ್ವನಿಗೆ ನಿರಾಸೆಯಾಯಿತು. "ಇವರಿಗೆ ಮಾರೂ ಮನಸ್ಸೇ ಇಲ್ಲ" ಎಂದು ಗೊಣಗುತ್ತ ನನ್ನನ್ನು ಎದುರಿನ ಅಂಗಡಿಗೆ ಎಳೆದೊಯ್ದಳು. ಅಲ್ಲಿಯೂ ಅಂಥದೇ ಸೀರೆ ಇತ್ತು. ಬಣ್ಣ ಹೋಗುವುದಿಲ್ಲವೆಂದು ಅಂಗಡಿಯವನು ಮಕ್ಕಳ ಮೇಲೆ ಆಣೆ ಇಟ್ಟ. ಅವ್ವ ಖುಷಿಯಿಂದ ಕೊಂಡಳು.

ಮದುವೆ ಮುಗಿದು ಮೊದಲ ಸಲ ಒಗೆದಾಗ ಅಪ್ಪನ ಬಿಳಿ ಅಂಗಿಗಳೆಲ್ಲ ಗುಲಾಬಿಯಾದವು. ಅಪ್ಪ ಅವುಗಳಲ್ಲೇ ಒಂದನ್ನು ತೊಟ್ಟು ಬ್ಯಾಂಕಿನ ಕೆಲಸಕ್ಕೆ ಹೋದರು. ಅವ್ವ ಸೀರೆ ಹಿಡಿದು ನೇರ ಹೋದದ್ದು ಚಾಚಾರ ಅಂಗಡಿಗೆ.

"ಅವತ್ತ ನೀವು ಸ್ವಲ್ಪ ಜೋರಾಗಿ ಹೇಳಬೇಕಾಗಿತ್ತು" ಎಂದು ದಬಾಯಿಸಿದಳು.

ಚಾಚಾ ಸೀರೆಯನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದರು. "ತಪ್ಪಾತ್ರಿ ಅಕ್ಕಾರ" ಎಂದರು.

ಆಮೇಲೆ ಅವ್ವ ಆ ಮೆಟ್ಟಿಲು ಹತ್ತಿದಾಗಲೆಲ್ಲ ಚಾಚಾ ತಮ್ಮ ಮಾಲಿನ ಐಬುಗಳನ್ನು ಇಡೀ ಬಜಾರಿಗೆ ಕೇಳುವಂತೆ ಒದರಿ ಹೇಳುತ್ತಿದ್ದರು.