ಚಂದ್ರಿಕೆಯ ಅಂಚಿನ ಆರು ಅಂಕಿ

ಇಂದು ನನ್ನದೇ ಹುಳುಮನೆಯಲ್ಲಿ ಒಣಬಿದಿರಿನ ವಾಸನೆ ಬಂದರೆ, ಶಾಲೆ ಬಿಟ್ಟ ವರ್ಷ ಜಂಗಮಕೋಟೆಯ ಮಾವನ ಹುಳುಮನೆಯಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಹುಳು ಗೂಡು ಕಟ್ಟುವ ದುಂಡು ಬಿದಿರುತಟ್ಟೆ ಚಂದ್ರಿಕೆ; ರೇಷ್ಮೆಗೂಡು ಬಿಡಿಸಿ ಖಾಲಿಯಾದ ಒಂದರ ಅಂಚಿನ ಸುತ್ತ ಇದ್ದಿಲಿನಲ್ಲಿ 142857 ಬರೆದಿದ್ದೆ. ಎರಡರಿಂದ ಆರರವರೆಗೆ ಯಾವುದರಿಂದ ಗುಣಿಸಿದರೂ ಅವೇ ಅಂಕಿಗಳು ಅದೇ ಸಾಲಿನಲ್ಲಿ ಸುತ್ತಿ ಬರುತ್ತವೆಂದು ಗುಣಿಸಿ ಗುಣಿಸಿ ಕಂಡುಕೊಂಡಿದ್ದೆ.

"ಇಸ್ಕೂಲ್ ಬಿಟ್ಟೋನಿಗೆ ಲೆಕ್ಕ ಯಾಕೋ? ಐದರಿಂದ ಗುಣಿಸು. ನನಗಿಂತ ಮೊದ್ಲು ಹೇಳಿದ್ರೆ ಮೊಪೆಡ್ಡಲ್ಲಿ ನಂದಿಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ," ಎಂದು ಮಾವ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕುಳಿತರು.

ಕೊನೆಯ ಅಂಕಿ ಏಳು, ಏಳೈದಲೆ ಮೂವತ್ತೈದು; ಹಾಗಾಗಿ ಉತ್ತರ ಐದರಲ್ಲಿ ಮುಗಿಯಬೇಕು. ಐದರ ಮುಂದಿನ ಏಳು ಮೇಲೆ ಬರುವಂತೆ ಚಂದ್ರಿಕೆ ತಿರುಗಿಸಿ ಓದಿದೆ: "714285."

ಆಮೇಲೆ ಮಾವನಿಗೂ ಅದೇ ಬಂತು. "ಏಳರಿಂದ ಹೇಳಪ್ಪ. ಈಗೆಲ್ಲಿ ತಿರುಗಿಸ್ತೀಯ?"

"ತಿರುಗ್ಸೋದೇ ಬೇಡ ಮಾವ. ಆರು ಅಂಕಿನೂ ಒಂಬತ್ತೇ."

ಅವರು ಆರನೇ ಒಂಬತ್ತು ಬರೆಯುವಷ್ಟರಲ್ಲಿ ನಾನು ಮೊಪೆಡ್ ಮೇಲೆ ಕೂತಾಗಿತ್ತು.